ಬಸ್ಸಿನ ಎಣಿಕೆ, ಸಂತೆಯ ಚಿಲ್ಲರೆ

ನವೆಂಬರ್ ಬಂತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಪಾಠಕ್ಕಿಂತ ಪಟ್ಟಿಗಳೇ ಜಾಸ್ತಿ. ಒಂದನೇ ತಾರೀಖು ರಾಜ್ಯೋತ್ಸವ, ಹದಿನಾಲ್ಕಕ್ಕೆ ಮಕ್ಕಳ ದಿನಾಚರಣೆ, ಅದರ ಆಚೀಚೆ ಪ್ರವಾಸ, ಆಟೋಟ, ಮಕ್ಕಳ ಸಂತೆ, ಪೋಷಕರ ಸಭೆ. ಈ ಸಲ ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಇವನ್ನೇ ಕೇಳಿವೆ. ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಅದಕ್ಕೇ.

ನಮ್ಮದು ಹಿರಿಯ ಪ್ರಾಥಮಿಕ ಶಾಲೆ. 200 ಮಕ್ಕಳು, ಏಳು ಜನ ಶಿಕ್ಷಕರು. ಆಟೋಟ, ಪ್ರವಾಸ, ಮಕ್ಕಳ ಸಂತೆ, ಪೋಷಕರ ಸಭೆ, ಸಂಜೆಯ ಸಾಂಸ್ಕೃತಿಕ ಕಾರ್ಯಕ್ರಮ ಎಲ್ಲವನ್ನೂ ಒಂದೇ ವಾರದಲ್ಲಿ ಮುಗಿಸಬೇಕೆಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ತೀರ್ಮಾನವಾಗಿದೆ. ಯಾವುದನ್ನು ಯಾವ ದಿನ ಇಟ್ಟುಕೊಳ್ಳಬೇಕು?
ಮುಖ್ಯ ಶಿಕ್ಷಕಿ, ಗುಡಿಬಂಡೆ ತಾಲ್ಲೂಕು

ಸೋಮವಾರ ಆಟೋಟ, ಬುಧವಾರ ಪ್ರವಾಸ, ಶನಿವಾರ ಬೆಳಿಗ್ಗೆ ಸಂತೆ, ಸಂತೆ ಮುಗಿದ ಮೇಲೆ ಪೋಷಕರ ಸಭೆ, ಸಂಜೆ ಕಾರ್ಯಕ್ರಮ. ಮಂಗಳವಾರ ಮತ್ತು ಗುರುವಾರ ಏನನ್ನೂ ಇಡಬೇಡಿ. ಖಾಲಿ ಬಿಟ್ಟರೆ ವಾರ ಹಾಳಾಯಿತು ಎಂದು ಸಭೆಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ, ಅನ್ನಲಿ. ಹಿಂಗಾರು ಮಳೆ ಭಾನುವಾರ ರಾತ್ರಿ ಸುರಿದು ಮೈದಾನ ಕೆಸರಾದರೆ ಆಟೋಟಕ್ಕೆ ಮಂಗಳವಾರವೇ ಗತಿ. ಪ್ರವಾಸದ ಮರುದಿನ ಮಕ್ಕಳು ತೂಕಡಿಸುತ್ತಾರೆ, ಶಿಕ್ಷಕರೂ ಅಷ್ಟೆ. ಗುರುವಾರ ಹಿಂದಿನ ದಿನ ಕಂಡದ್ದನ್ನು ಬರೆಯಲು, ಚಿತ್ರ ಬಿಡಿಸಲು ಕೂರಿಸಿದರೆ ಸಾಕು. ಶುಕ್ರವಾರ ಸಂತೆಗೆ ಸರಕು ಹೊಂದಿಸುವ ದಿನ.

ಪೋಷಕರ ಸಭೆಯನ್ನು ಬೇರೆ ದಿನ ಇಡಬೇಡಿ. ಕೂಲಿಗೆ ಹೋಗುವ ತಾಯಿ ಒಂದೇ ವಾರದಲ್ಲಿ ಎರಡು ದಿನದ ಕೂಲಿ ಬಿಟ್ಟು ಬರುವುದಿಲ್ಲ. ಬಂದರೆ ಸಂಜೆಯ ಡ್ಯಾನ್ಸಿಗೆ ಬರುತ್ತಾರೆ, ಸಭೆಯ ಕುರ್ಚಿಗಳು ಖಾಲಿ ಉಳಿಯುತ್ತವೆ. ಎರಡೂ ಒಂದೇ ದಿನವಿದ್ದರೆ ಬಂದವರೇ ಸಭೆಗೂ ಕೂರುತ್ತಾರೆ.

ಇಂಥ ವಾರಗಳು ಎಡವಟ್ಟಾಗುವುದು ಹೆಚ್ಚಾಗಿ ತಾಲೀಮಿನಿಂದ. ಚುರುಕು ಮಕ್ಕಳು ಹತ್ತು ಜನ ಇರುತ್ತಾರೆ, ಕೋಲಾಟಕ್ಕೂ ಅವರೇ, ರಿಲೇಗೂ ಅವರೇ, ಸ್ವಾಗತ ಗೀತೆಗೂ ಅವರೇ. ಒಂದು ಮಗುವಿಗೆ ವೇದಿಕೆಯಲ್ಲಿ ಒಂದು, ಮೈದಾನದಲ್ಲಿ ಎರಡು, ಅಷ್ಟೇ ಎಂದು ಮೊದಲೇ ಗೆರೆ ಎಳೆಯಿರಿ. ಏಳು ಜನ ಶಿಕ್ಷಕರಲ್ಲಿ ಪ್ರತಿದಿನ ಒಬ್ಬರಿಗೆ ಯಾವ ಕೆಲಸವನ್ನೂ ಹಚ್ಚಬೇಡಿ. ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಪೋಷಕರ ಫೋನ್ ನಂಬರಿನ ಪುಸ್ತಕ ಇಟ್ಟುಕೊಂಡು ನೆರಳಲ್ಲಿ ಕೂರುವುದೇ ಅವರ ಆ ದಿನದ ಕೆಲಸ.

ಮೈದಾನದಲ್ಲಿ 200 ಮೀಟರ್ ಟ್ರ್ಯಾಕ್ ಹಾಕಿದಾಗಲೆಲ್ಲ ಹೊರಗಿನ ಲೇನಿನ ಮಕ್ಕಳು ಜಾಸ್ತಿ ಓಡಬೇಕಾಯಿತು ಎಂದು ಜಗಳ. ಪುಸ್ತಕದಲ್ಲಿರುವಂತೆ 7.04 ಮೀಟರ್ ಸ್ಟ್ಯಾಗರ್ (ಹೊರಲೇನಿನವರ ಆರಂಭದ ಗೆರೆಯನ್ನು ಮುಂದಕ್ಕೆ ಸರಿಸುವ ಅಂತರ) ಬಿಟ್ಟಿದ್ದೇನೆ. ತಪ್ಪೆಲ್ಲಿ?
ದೈಹಿಕ ಶಿಕ್ಷಕ, ಬಾಗೇಪಲ್ಲಿ

ಆ 7.04 ನಿಮ್ಮ ಮೈದಾನದ ಲೆಕ್ಕವಲ್ಲ. ಒಳಗಿನ ಅಂಚು ಎತ್ತರಿಸಿದ ಕಟ್ಟೆಯಂತಿರುವ ಟ್ರ್ಯಾಕಿನಲ್ಲಿ ಒಂದನೇ ಲೇನಿನ ಓಟವನ್ನು ಅಂಚಿನಿಂದ 30 ಸೆಂ.ಮೀ. ದೂರದಲ್ಲಿ ಅಳೆಯುತ್ತಾರೆ, ಉಳಿದ ಲೇನುಗಳಲ್ಲಿ ಗೆರೆಯಿಂದ 20 ಸೆಂ.ಮೀ. ಆ ಹತ್ತು ಸೆಂಟಿಮೀಟರಿನ ವ್ಯತ್ಯಾಸದಿಂದ ಎರಡನೇ ಲೇನಿಗೆ 7.04 ಬರುತ್ತದೆ. ನಿಮ್ಮಲ್ಲಿರುವುದು ಬರೀ ಪುಡಿಯ ಗೆರೆ. ಎಲ್ಲ ಲೇನಿಗೂ 20 ಸೆಂ.ಮೀ.ಯೇ. 1.22 ಮೀಟರ್ ಅಗಲದ ಲೇನಿಗೆ ಸ್ಟ್ಯಾಗರ್ ಎರಡನೇ ಲೇನಿಗೆ 7.67, ಮೂರನೆಯದಕ್ಕೆ 15.33, ನಾಲ್ಕನೆಯದಕ್ಕೆ 23 ಮೀಟರ್. ಇದು ಪೂರ್ತಿ ಒಂದು ಸುತ್ತಿನ ಓಟಕ್ಕೆ. ಅರ್ಧ ಸುತ್ತು ಓಡಿಸುವುದಾದರೆ ಇದರ ಅರ್ಧ.

ಟ್ರ್ಯಾಕ್ ಹಾಕುವ ಬಗೆ ಹೀಗೆ. ಎರಡು ನೇರಗಳು ತಲಾ 50 ಮೀಟರ್, ಎರಡು ತಿರುವುಗಳು ತಲಾ 50 ಮೀಟರ್. ತಿರುವಿನ ಓಟದ ತ್ರಿಜ್ಯ 15.92 ಮೀಟರ್ ಆಗುತ್ತದೆ, ಅದರಲ್ಲಿ 20 ಸೆಂ.ಮೀ. ಕಳೆದು ಒಳಗೆರೆಯನ್ನು 15.72ಕ್ಕೆ ಎಳೆಯಿರಿ. ನಾಲ್ಕು ಲೇನಿಗೆ ಒಟ್ಟು 91 ಮೀಟರ್ ಉದ್ದ, 41 ಮೀಟರ್ ಅಗಲ ಜಾಗ ಬೇಕು, ಸುತ್ತ ಎರಡು ಮೂರು ಮೀಟರ್ ಬಿಡುವೂ ಇರಲಿ. ಮೊದಲು ಮೈದಾನದ ನಡುವೆ 50 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ತಿರುವುಗಳಿಗೆ ಅವೇ ಕೇಂದ್ರ. ಗೂಟದ ಬಳಿ ಲಂಬ ಹಿಡಿಯಲು 9, 12, 15 ಮೀಟರಿನ ತ್ರಿಕೋನ ಸಾಕು. ಆಮೇಲೆ ತ್ರಿಜ್ಯಕ್ಕೆ ಹಗ್ಗ ಹಿಡಿಯುತ್ತಾರಲ್ಲ, ಜಗಳದ ಎರಡನೇ ಕಾರಣ ಅಲ್ಲಿದೆ. ನೈಲಾನ್ ಹಗ್ಗ ಎಳೆದಂತೆಲ್ಲ ಹಿಗ್ಗುತ್ತದೆ. ಹತ್ತು ಸೆಂಟಿಮೀಟರ್ ಹಿಗ್ಗಿದರೆ ಸುತ್ತು 63 ಸೆಂ.ಮೀ. ಉದ್ದವಾಗುತ್ತದೆ. ಕಬ್ಬಿಣದ ತಂತಿ ಅಥವಾ ಸ್ಟೀಲ್ ಟೇಪ್ ಹಿಡಿಯಿರಿ.

ಗೆರೆಗೆ ಸುಣ್ಣ ಮಾತ್ರ ಬೇಡ. ಬಿದ್ದ ಮಗುವಿನ ಕಣ್ಣಿಗೆ ಸುಣ್ಣ ಹೋದರೆ ಕಣ್ಣಿನ ಮೇಲ್ಪದರವೇ ಸುಡುತ್ತದೆ. ರಂಗೋಲಿ ಪುಡಿ ಸಾಕು. ಹಾಗೂ ಯಾರ ಕಣ್ಣಿಗಾದರೂ ಸುಣ್ಣ ಬಿದ್ದರೆ ಉಜ್ಜಬಾರದು, ರೆಪ್ಪೆ ಬಿಡಿಸಿ ಹಿಡಿದು ಕಾಲು ಗಂಟೆಗೆ ಕಡಿಮೆಯಾಗದಂತೆ ಧಾರೆ ನೀರು ಬಿಟ್ಟು, ನೇರ ಆಸ್ಪತ್ರೆಗೆ.

ಮೈದಾನ ಇದಕ್ಕಿಂತ ಚಿಕ್ಕದಿದ್ದರೆ ಸುತ್ತಿನ ಟ್ರ್ಯಾಕಿನ ಆಸೆ ಬಿಡಿ. 50 ಮೀಟರ್ ನೇರ ಓಟ, ಶಟಲ್ ರಿಲೇ, ಕೊಕ್ಕೊ, ಕಬಡ್ಡಿ. ಇಕ್ಕಟ್ಟಾದ ತಿರುವಿನಲ್ಲಿ ಜಾರಿ ಮಂಡಿ ತರಚಿಕೊಳ್ಳುವುದು ತಪ್ಪುತ್ತದೆ.

ಎಂಟನೇ ತರಗತಿಯ 92 ಮಕ್ಕಳನ್ನು ಎರಡು ಬಸ್ಸಿನಲ್ಲಿ ನಂದಿಬೆಟ್ಟ, ಭೋಗನಂದೀಶ್ವರ, ಮುದ್ದೇನಹಳ್ಳಿಗೆ ಕರೆದೊಯ್ಯುತ್ತಿದ್ದೇವೆ. ಹೋದ ವರ್ಷ ಅರ್ಧ ಬಸ್ಸು ವಾಂತಿ, ಇನ್ನರ್ಧ ಸೆಲ್ಫಿ. ಈ ಸಲವಾದರೂ ಏನಾದರೂ ಕಲಿತು ಬರುವಂತೆ ಮಾಡುವುದು ಹೇಗೆ?
ವಿಜ್ಞಾನ ಶಿಕ್ಷಕಿ, ಚಿಂತಾಮಣಿ

ಮೊದಲು ವಾಂತಿ. ಘಾಟಿಯ ತಿರುವಿನಲ್ಲಿ ಕಿವಿಯೊಳಗಿನ ಸಮತೋಲನದ ಅಂಗ ‘ಮೈ ತಿರುಗುತ್ತಿದೆ’ ಎನ್ನುತ್ತದೆ. ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ‘ಇಲ್ಲ, ಕೂತಲ್ಲೇ ಇದ್ದೇವೆ’ ಎನ್ನುತ್ತದೆ. ಈ ಎರಡರ ಜಗಳವೇ ಹೊಟ್ಟೆ ತೊಳೆಸುವುದು. ಆದ್ದರಿಂದ ವಾಂತಿಯಾಗುವ ಮಕ್ಕಳ ಹೆಸರನ್ನು ಪೋಷಕರಿಂದಲೇ ಮೊದಲು ಕೇಳಿ ಬರೆದುಕೊಂಡು, ಅವರನ್ನು ಮುಂದಿನ ನಾಲ್ಕು ಸಾಲಿನಲ್ಲಿ ಕೂರಿಸಿ. ಗಾಜು ತೆರೆದಿರಲಿ, ನೋಟ ಮುಂದಿನ ರಸ್ತೆಯ ಮೇಲಿರಲಿ. ಕೈ, ತಲೆ ಮಾತ್ರ ಒಳಗೇ. ಖಾಲಿ ಹೊಟ್ಟೆಯಲ್ಲಿ ಹತ್ತಿಸಬೇಡಿ, ಪೂರಿ ತಿನ್ನಿಸಿಯೂ ಹತ್ತಿಸಬೇಡಿ. ಹೊರಡುವ ಒಂದೂವರೆ ಗಂಟೆ ಮುಂಚೆ ಎರಡು ಇಡ್ಲಿ ಸಾಕು. ಮಾತ್ರೆ ಕೊಡುವುದಿದ್ದರೆ ವೈದ್ಯರನ್ನು ಕೇಳಿ ಪೋಷಕರೇ ಕೊಟ್ಟು ಕಳಿಸಲಿ, ಶಿಕ್ಷಕರು ತಮ್ಮ ಚೀಲದಿಂದ ತೆಗೆದುಕೊಡಬಾರದು. ನಿಂಬೆಹಣ್ಣು ಮೂಸಿದರೆ ನಷ್ಟವೇನಿಲ್ಲ.

ಬೆಟ್ಟ ಮೊದಲು, ಊಟ ಆಮೇಲೆ. ಏಳಕ್ಕೆ ಹೊರಟರೆ ಒಂಬತ್ತರ ಸುಮಾರಿಗೆ ಮೇಲಿರುತ್ತೀರಿ. ಹನ್ನೊಂದೂವರೆಗೆ ಇಳಿದು, ತಪ್ಪಲಿನ ನಂದಿ ಗ್ರಾಮದ ನೆರಳಿನಲ್ಲಿ ಬುತ್ತಿ ಬಿಚ್ಚಿ. ಮೇಲೆ ಬಿಚ್ಚಿದರೆ ಕೋತಿಗಳು ಬಿಡುವುದಿಲ್ಲ. ಊಟ ಮಾಡಿ ಘಾಟಿ ಇಳಿದರೆ ಹೋದ ವರ್ಷದ ಕಥೆಯೇ. ವಾರದ ನಡುವಿನ ದಿನವನ್ನೇ ಆರಿಸಿ. ಶನಿವಾರ, ಭಾನುವಾರ ಬೆಂಗಳೂರಿನ ವಾಹನಗಳ ಸಾಲಿನಲ್ಲೇ ನಿಮ್ಮ ಬೆಳಗು ಮುಗಿದುಹೋಗುತ್ತದೆ. ನವೆಂಬರಿನ ಮಂಜಿಗೆ ಬಂಡೆಗಳು ಒದ್ದೆಯಾಗಿರುತ್ತವೆ. ಟಿಪ್ಪು ಡ್ರಾಪ್ ಎಂಬ ಪ್ರಪಾತದ ಬಳಿ ಕಂಬಿಯಿಂದ ಎರಡು ಮಾರು ಹಿಂದೆ ಒಬ್ಬ ಶಿಕ್ಷಕರು ನಿಂತು, ಹತ್ತತ್ತು ಮಕ್ಕಳನ್ನಷ್ಟೇ ಮುಂದೆ ಬಿಡಲಿ.

ಇನ್ನು ಕಲಿಕೆ. ಮಕ್ಕಳ ಕೈಗೆ ಇಪ್ಪತ್ತು ಪ್ರಶ್ನೆಯ ಹಾಳೆ ಕೊಟ್ಟರೆ ಒಬ್ಬ ಬರೆಯುತ್ತಾನೆ, 91 ಜನ ನಕಲು ಮಾಡುತ್ತಾರೆ. ಒಂದೊಂದು ಜಾಗಕ್ಕೆ ಒಂದೇ ಕೆಲಸ ಕೊಡಿ.

ಬೆಟ್ಟದಲ್ಲಿ ಥರ್ಮಾಮೀಟರ್. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ನಮ್ಮ ಬಯಲಿಗಿಂತ 550ರಿಂದ 600 ಮೀಟರ್ ಎತ್ತರ. ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಇಲ್ಲಿ ಮೂರೂವರೆಯಿಂದ ನಾಲ್ಕು ಡಿಗ್ರಿ ವ್ಯತ್ಯಾಸ ಸಿಗಬೇಕು. ಬಹಳ ಶಾಲೆಗಳಿಗೆ ಇದು ಸಿಗುವುದಿಲ್ಲ. ಕೆಳಗೆ ಎಂಟಕ್ಕೆ ಅಳೆದು ಮೇಲೆ ಹತ್ತಕ್ಕೆ ಅಳೆಯುತ್ತಾರೆ, ಅಷ್ಟರಲ್ಲಿ ಬಿಸಿಲೇರಿ ವ್ಯತ್ಯಾಸವನ್ನು ನುಂಗಿಬಿಟ್ಟಿರುತ್ತದೆ. ಎರಡು ಥರ್ಮಾಮೀಟರ್ ಇಟ್ಟುಕೊಳ್ಳಿ. ಹಿಂದಿನ ದಿನ ಎರಡನ್ನೂ ಪಕ್ಕಪಕ್ಕ ತೂಗುಹಾಕಿ ಒಂದೇ ಅಂಕಿ ತೋರಿಸುತ್ತವೆಯೇ ನೋಡಿ. ಒಂದು ಶಾಲೆಯಲ್ಲೇ ಉಳಿದವರ ಬಳಿ ಇರಲಿ. ಹತ್ತು ಗಂಟೆ ಹೊಡೆದಾಗ ಎರಡೂ ಕಡೆ ನೆರಳಿನಲ್ಲಿ, ಕೈ ತಾಗದಂತೆ ಐದು ನಿಮಿಷ ತೂಗಿಬಿಟ್ಟು ಓದಿ, ಫೋನಿನಲ್ಲಿ ಹೇಳಿಕೊಳ್ಳಿ. ಬಸ್ಸಿನಲ್ಲಿ ಮುಚ್ಚಿದ ಚಿಪ್ಸ್ ಪ್ಯಾಕೆಟ್ ಒಂದನ್ನು ಒಯ್ದರೆ ಇನ್ನೊಂದು ಪಾಠ. ಕೆಳಗೆ ಮೆತ್ತಗಿದ್ದದ್ದು ಮೇಲೆ ಉಬ್ಬಿ ಬಿಗಿಯಾಗಿರುತ್ತದೆ, ಏಕೆಂದರೆ ಹೊರಗಿನ ಗಾಳಿಯ ಒತ್ತಡ ನೂರಕ್ಕೆ ಆರೇಳು ಪಾಲು ಇಳಿದಿದೆ. ಪ್ಯಾಕೆಟ್ಟನ್ನು ಚೀಲದೊಳಗೇ ಮುಟ್ಟಿ ನೋಡಲಿ, ಕೋತಿಗೆ ಕಾಣಿಸಬೇಡಿ.

ಸಮಾಜ ವಿಜ್ಞಾನದವರು ಜೊತೆಗಿದ್ದರೆ ನೀರಿನ ದಾರಿ ಹೇಳಲಿ. ಅರ್ಕಾವತಿ ಈ ಬೆಟ್ಟಸಾಲಿನಲ್ಲೇ ಹುಟ್ಟಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಉತ್ತರ ಪಿನಾಕಿನಿ ಆಂಧ್ರಕ್ಕೆ, ದಕ್ಷಿಣ ಪಿನಾಕಿನಿ ತಮಿಳುನಾಡಿಗೆ. ಅಕ್ಕಪಕ್ಕದ ಇಳಿಜಾರಿನಲ್ಲಿ ಬಿದ್ದ ಮಳೆ ಬೇರೆ ಬೇರೆ ರಾಜ್ಯಗಳ ಪಾಲಾಗುವುದನ್ನು ನಿಂತು ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ಇಲ್ಲ. ಕೋಟೆಯ ಗೋಡೆಯ ಬಳಿ 1791 ಎಂಬ ಒಂದು ಇಸವಿ ಸಾಕು. ಆ ವರ್ಷದ ಅಕ್ಟೋಬರಿನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಿಂದ ಈ ದುರ್ಗವನ್ನು ಕಿತ್ತುಕೊಂಡಿತು.

ಭೋಗನಂದೀಶ್ವರದಲ್ಲಿ ಅರುಣಾಚಲೇಶ್ವರ, ಭೋಗನಂದೀಶ್ವರ ಎರಡು ಗುಡಿಗಳು ಅಕ್ಕಪಕ್ಕ, ನಡುವೆ ಉಮಾಮಹೇಶ್ವರ. ಮೇಲೆ ಬೆಟ್ಟದಲ್ಲಿ ಯೋಗನಂದೀಶ್ವರನನ್ನು ನೋಡಿ ಬಂದಿರುವುದರಿಂದ ಭೋಗ, ಯೋಗ ಎಂಬ ಹೆಸರುಗಳ ಜೋಡಿ ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ, ನೀವು ಮೊದಲೇ ಹೇಳಿಬಿಡಬೇಡಿ. ಕಲ್ಯಾಣಿಯ ಒಂದು ಬದಿಯ ಮೆಟ್ಟಿಲಿನ ಚಿತ್ರ ಬಿಡಿಸುವುದೇ ಅಲ್ಲಿನ ಕೆಲಸ, ಕೂರುವುದು ಮೇಲಿನ ಜಗಲಿಯಲ್ಲಿ. ಮುದ್ದೇನಹಳ್ಳಿಗೆ ಕೊನೆಯಲ್ಲಿ ಹೋಗಿ. ವಿಶ್ವೇಶ್ವರಯ್ಯನವರ ಮನೆ, ಸಮಾಧಿ ಎರಡೂ ಅಲ್ಲಿವೆ. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅವರು ಕೂರಿಸಿದ ತಂತಾನೇ ತೆರೆಯುವ ಗೇಟುಗಳ ಬಗ್ಗೆ ಹೊರಡುವ ಮುಂಚೆ ತರಗತಿಯಲ್ಲೇ ಹೇಳಿರಿ. ದಣಿದ ಮಕ್ಕಳಿಗೆ ಮೂರು ಗಂಟೆಯ ಬಿಸಿಲಲ್ಲಿ ಭಾಷಣ ಹತ್ತುವುದಿಲ್ಲ.

ಪ್ರವಾಸದಲ್ಲಿ ಮಕ್ಕಳನ್ನು ಎಣಿಸಿ ಎಣಿಸಿ ಸಾಕಾಗುತ್ತದೆ. ಆದರೂ ಒಮ್ಮೆ ಒಬ್ಬ ಹುಡುಗ ಹಿಂದೆ ಉಳಿದಿದ್ದ. ಸರಿಯಾದ ಕ್ರಮ ಯಾವುದು? ನೀರಿನ ಬಳಿ ಏನು ಎಚ್ಚರ?
ಶಿಕ್ಷಕ, ಶಿಡ್ಲಘಟ್ಟ ತಾಲ್ಲೂಕು

ನಡೆದಾಡುವ ಮಕ್ಕಳನ್ನು ಎಣಿಸಿದರೆ ತಪ್ಪೇ. ಎರಡು ಬಸ್ಸಿದ್ದಾಗ ಇನ್ನೊಂದು ತಪ್ಪು ನುಸುಳುತ್ತದೆ: ಗೆಳೆಯನ ಜೊತೆ ಕೂರಲು ಒಬ್ಬ ಆ ಬಸ್ಸಿಗೆ ಹೋಗಿರುತ್ತಾನೆ, ಆ ಬಸ್ಸಿನವರು ಅವನನ್ನೂ ಸೇರಿಸಿ ಎಣಿಸಿ ‘ಎಲ್ಲರೂ ಇದ್ದಾರೆ’ ಎನ್ನುತ್ತಾರೆ, ಈ ಬಸ್ಸಿನವರು ಒಂದು ಕಡಿಮೆ ಎಣಿಸಿ ‘ಅಲ್ಲಿ ಹೋಗಿರಬೇಕು’ ಎನ್ನುತ್ತಾರೆ. ಆ ಬಸ್ಸಿನ ಇನ್ನೊಬ್ಬ ಹುಡುಗ ಶೌಚಾಲಯದಲ್ಲಿ ಉಳಿದಿರುವುದು ಇದರ ನಡುವೆ ಮುಚ್ಚಿಹೋಗುತ್ತದೆ.

ಪ್ರತಿ ಮಗುವಿಗೂ ಒಂದು ನಂಬರ್ ಕೊಡಿ. ಒಂದನೇ ಬಸ್ಸು 1ರಿಂದ 46, ಎರಡನೆಯದು 47ರಿಂದ 92. ಬೆಳಿಗ್ಗೆಯ ಬಸ್ಸು ಸಂಜೆಯವರೆಗೂ ಬದಲಾಗಕೂಡದು. ಎಲ್ಲರೂ ಕೂತ ಮೇಲೆ ಮಕ್ಕಳೇ ಸಾಲಾಗಿ ನಂಬರ್ ಕೂಗಲಿ, ತಪ್ಪಿದ ನಂಬರ್ ಕೂಡಲೇ ಕಿವಿಗೆ ಬೀಳುತ್ತದೆ. ಇನ್ನೊಬ್ಬನಿಗಾಗಿ ಕೂಗಿದವನಿಗೆ ಮುಂದಿನ ಜಾಗದಲ್ಲಿ ಶಿಕ್ಷಕರ ಕೈ ಹಿಡಿದು ನಡೆಯುವ ಶಿಕ್ಷೆ, ಎಂಟನೇ ತರಗತಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಎಣಿಕೆ ಮುಗಿದು ಶಿಕ್ಷಕರು ಕೈ ತೋರಿಸುವ ತನಕ ಡ್ರೈವರ್ ಇಂಜಿನ್ ಚಾಲೂ ಮಾಡಬಾರದೆಂದು ಮೊದಲೇ ಮಾತಾಡಿಕೊಳ್ಳಿ. ಇಳಿದ ಮೇಲೆ ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಮಕ್ಕಳು ಇಬ್ಬಿಬ್ಬರ ಜೋಡಿ. ನಂಬರಿನ ಪಟ್ಟಿ ಮೂರು ಪ್ರತಿ: ಎರಡು ಬಸ್ಸಿಗೆ, ಒಂದು ಶಾಲೆಗೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಅನುಮತಿ ಪತ್ರ ಕೈಗೆ ಬರುವ ತನಕ ಬಸ್ಸಿಗೆ ಮುಂಗಡ ಕೊಡಬೇಡಿ. ಹೆಣ್ಣುಮಕ್ಕಳಿದ್ದ ಬಸ್ಸಿನಲ್ಲಿ ಶಿಕ್ಷಕಿ ಇರಲೇಬೇಕು, ಅವರ ಚೀಲದಲ್ಲಿ ಹತ್ತು ಪ್ಯಾಡ್, ಹಳೇ ಪೇಪರ್, ಒಂದು ಜೊತೆ ಬಟ್ಟೆ.

ನೀರಿನ ವಿಷಯಕ್ಕೆ ನಿಯಮ ಒಂದೇ, ಯಾರೂ ಇಳಿಯುವುದಿಲ್ಲ. ‘ಮಂಡಿಯವರೆಗೆ ಮಾತ್ರ’ ಎಂಬ ರಿಯಾಯಿತಿಯೂ ಬೇಡ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಹೋಗಿದ್ದ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡದ್ದು ಈ ಭಾಗದ ಯಾರೂ ಮರೆತಿಲ್ಲ. ಕಡಲಷ್ಟೇ ಅಲ್ಲ, ಹಿಂಗಾರಿನಲ್ಲಿ ತುಂಬಿದ ನಮ್ಮ ಕೆರೆಗಳಲ್ಲಿ ಹೂಳು ತೆಗೆದ, ಮಣ್ಣು ಅಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ, ಕಲ್ಯಾಣಿಯ ಕೆಳಮೆಟ್ಟಿಲುಗಳು ಪಾಚಿ ಕಟ್ಟಿರುತ್ತವೆ. ಒಬ್ಬ ಬಿದ್ದರೆ ಇನ್ನೊಬ್ಬ ಹಾರುತ್ತಾನೆ, ಇಬ್ಬರೂ ಹೋಗುತ್ತಾರೆ. ದಡದಲ್ಲಿ ಮಲಗಿ ಸೀರೆ, ವೇಲು, ಕೋಲು ಚಾಚಬೇಕು. ಮುಚ್ಚಳ ಬಿಗಿದ ಖಾಲಿ 20 ಲೀಟರ್ ಕ್ಯಾನಿಗೆ ಹಗ್ಗ ಕಟ್ಟಿ ಎಸೆದರೆ ಮುಳುಗುವವರು ಅದನ್ನು ತಬ್ಬಿ ತೇಲಬಹುದು. ಕ್ಯಾನು ಹೇಗೂ ಬಸ್ಸಿನಲ್ಲಿರುತ್ತದೆ, ಹತ್ತು ಮೀಟರ್ ಹಗ್ಗವನ್ನೂ ಹಾಕಿಕೊಳ್ಳಿ.

ಪ್ರವಾಸಕ್ಕೆ ಕಟ್ಟಿಕೊಟ್ಟ ಚಿತ್ರಾನ್ನ ಮಧ್ಯಾಹ್ನಕ್ಕೆ ಹಳಸಿತು ಅಂತ ನನ್ನ ಮೇಲೆ ಮಾತು ಬಂತು. ಬೆಳಿಗ್ಗೆ ಬಿಸಿಬಿಸಿ ಮಾಡಿದ್ದೆ. ಶನಿವಾರ ಅಪ್ಪ ಅಮ್ಮಂದಿರಿಗೂ ಊಟ ಅಂದಿದ್ದಾರೆ, ಲೆಕ್ಕ ಹೇಳಿ.
ಅಡುಗೆಯವರು, ಗುಡಿಬಂಡೆ ತಾಲ್ಲೂಕು

ಅಮ್ಮ, ಬಿಸಿಬಿಸಿಯಾಗಿ ಕಟ್ಟಿದ್ದಕ್ಕೇ ಹಳಸಿದ್ದು. ಅಕ್ಕಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಾಣು ಬೆಂದರೂ ಸಾಯುವುದಿಲ್ಲ. ಬಿಸಿ ಅನ್ನವನ್ನು ಮುಚ್ಚಿಟ್ಟರೆ ಆ ಬೆಚ್ಚಗಿನ ಹಬೆಯಲ್ಲಿ ಅದು ಬೆಳೆದು ವಿಷ ಬಿಡುತ್ತದೆ, ಆಮೇಲೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಮೇಲೆ ತೆಂಗಿನಕಾಯಿ ಬೇರೆ ಉದುರಿಸಿದ್ದರೆ ಇನ್ನೂ ಬೇಗ. ಪ್ರವಾಸಕ್ಕೆ ಪುಳಿಯೋಗರೆ ಮಾಡಿ, ಹುಳಿ ಸ್ವಲ್ಪ ಕಾಪಾಡುತ್ತದೆ. ನೂರು ಜನಕ್ಕೆ ಅಕ್ಕಿ 11 ಕೆಜಿ, ಹುಣಸೆಹಣ್ಣು 1 ಕೆಜಿ, ಕಡಲೆಕಾಯಿ ಎಣ್ಣೆ ಒಂದೂಕಾಲು ಲೀಟರ್, ಕಡಲೆಬೀಜ 1 ಕೆಜಿ, ಬೆಲ್ಲ 350 ಗ್ರಾಂ. ಗೊಜ್ಜನ್ನು ಹಿಂದಿನ ರಾತ್ರಿಯೇ ಎಣ್ಣೆ ಬಿಡುವ ತನಕ ಕುದಿಸಿಡಿ. ಬೆಳಿಗ್ಗೆ ಅನ್ನ ಉದುರುದುರಾಗಿ ಬಸಿದು, ಒಗೆದು ಒಣಗಿಸಿದ ಬಟ್ಟೆಯ ಮೇಲೆ ಎರಡು ಬೆರಳು ದಪ್ಪಕ್ಕೆ ಹರಡಿ. ಅಂಗೈ ಇಟ್ಟರೆ ಹಬೆ ತಾಗದಷ್ಟು ಆರಿದ ಮೇಲೆ ಕಲಸಿ ಕಟ್ಟಿ. ಕಟ್ಟಿದ್ದನ್ನು ಹನ್ನೆರಡರೊಳಗೆ ಉಂಡು ಮುಗಿಸಲಿ ಎಂದು ಮೇಡಂಗೆ ಹೇಳಿ. ಜೊತೆಗೆ ಮೊಸರನ್ನ ಕಟ್ಟಬೇಡಿ.

ಶನಿವಾರದ ಲೆಕ್ಕ. ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಗೆ ತಲಾ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟಕ್ಕೆ 150, 30, 75, ಏಳೂವರೆ. ನಿಮ್ಮಲ್ಲಿ ಚಿಕ್ಕವರು 120, ದೊಡ್ಡವರು 80 ಎಂದಿಟ್ಟುಕೊಂಡರೆ ಅಕ್ಕಿ 24 ಕೆಜಿ, ಬೇಳೆ 4.8 ಕೆಜಿ, ತರಕಾರಿ 12 ಕೆಜಿ, ಎಣ್ಣೆ 1.2 ಕೆಜಿ. ಪೋಷಕರಿಗೆ ದೊಡ್ಡ ಮಕ್ಕಳ ಅಳತೆಯೇ ಸಾಕು, ನೂರು ಜನಕ್ಕೆ ಇನ್ನೊಂದು 15 ಕೆಜಿ ಅಕ್ಕಿ. ಪೋಷಕರ ದಿನಸಿಯನ್ನು ಎಸ್‌ಡಿಎಂಸಿಯವರು ಬೇರೆ ತಂದುಕೊಡಬೇಕು, ಮಕ್ಕಳ ದಾಸ್ತಾನಿಗೆ ಕೈ ಹಾಕುವಂತಿಲ್ಲ. ಹೆಸರುಬೇಳೆ ಪಾಯಸಕ್ಕೆ ನೂರು ಜನಕ್ಕೆ ಬೇಳೆ 2 ಕೆಜಿ, ಬೆಲ್ಲ ಎರಡೂವರೆ ಕೆಜಿ, ತೆಂಗಿನಕಾಯಿ ಆರು. ಬೇಳೆ ಪೂರ್ತಿ ಬೆಂದ ಮೇಲೆ ಬೆಲ್ಲ ಹಾಕಿ, ಮೊದಲೇ ಹಾಕಿದರೆ ಬೇಳೆ ಬೇಯುವುದೇ ಇಲ್ಲ. ಹಸುವಿನ ಹಾಲು ಬೆರೆಸಿದರೆ ಬೆಲ್ಲಕ್ಕೆ ಒಡೆಯಬಹುದು, ಕಾಯಿಹಾಲೇ ಇರಲಿ. ಮುದ್ದೆ ಬೇಕು ಎಂದು ಹಿರಿಯರು ಕೇಳುತ್ತಾರೆ. ಮುನ್ನೂರು ಜನಕ್ಕೆ ಇಬ್ಬರು ಮುದ್ದೆ ತಿರುವಲಾರರು, ಬೇಕೆಂದವರು ಬಂದು ಕೋಲು ಹಿಡಿಯಲಿ.

ಮಕ್ಕಳ ಸಂತೆ ಪ್ರತಿವರ್ಷ ಒಂದು ಗಂಟೆಯಲ್ಲಿ ಮುಗಿದುಹೋಗುತ್ತದೆ. ಮಕ್ಕಳಿಗೆ ಲೆಕ್ಕ ಬಂದಂತೆ ಕಾಣುವುದಿಲ್ಲ.
ಗಣಿತ ಶಿಕ್ಷಕಿ, ಚಿಕ್ಕಬಳ್ಳಾಪುರ

ಮುಗಿಸುವವರು ಪೋಷಕರು. ತಮ್ಮ ಮಗುವಿನ ಅಂಗಡಿ ಪೂರ್ತಿ ತಾವೇ ಕೊಂಡುಬಿಡುತ್ತಾರೆ. ‘ಸ್ವಂತ ಮಗುವಿನ ಹತ್ತಿರ ಕೊಳ್ಳುವಂತಿಲ್ಲ’ ಎಂಬ ಫಲಕ ಬಾಗಿಲಲ್ಲೇ ಹಾಕಿ. ಎರಡನೆಯದು ಚಿಲ್ಲರೆ. ಎಲ್ಲರೂ ನೂರರ ನೋಟು ಹಿಡಿದು ಬರುತ್ತಾರೆ, ಮಗು ಚಿಲ್ಲರೆಗೆ ಅಮ್ಮನ ಮುಖ ನೋಡುತ್ತದೆ. ಪ್ರತಿ ಅಂಗಡಿಗೆ 50 ರೂಪಾಯಿ ಚಿಲ್ಲರೆ ಮೊದಲೇ ಎಣಿಸಿ ಕೊಡಿ: ಹತ್ತರದು ಎರಡು, ಐದರದು ನಾಲ್ಕು, ಎರಡರದು ಮೂರು, ಒಂದರದು ನಾಲ್ಕು. ಸಂಜೆ ಅಷ್ಟೇ ಹಿಂತಿರುಗಬೇಕು. ಫೋನಿನಲ್ಲಿ ಹಣ ಹಾಕುವುದನ್ನು ಆ ದಿನದ ಮಟ್ಟಿಗೆ ನಿಲ್ಲಿಸಿ. ‘ಟಣ್’ ಎಂಬ ಸದ್ದಿಗೆ ಕಳೆಯುವ ಲೆಕ್ಕ ಬರುವುದಿಲ್ಲ.

ತಕ್ಕಡಿಯನ್ನು ಮಕ್ಕಳೇ ಪರೀಕ್ಷಿಸಲಿ. ಖಾಲಿ ತಟ್ಟೆಯಲ್ಲಿ ಮುಳ್ಳು ನಡುವೆ ನಿಲ್ಲುತ್ತದೆಯೇ? ಆಮೇಲೆ 500 ಗ್ರಾಂ ಬಟ್ಟಿಗೆ ಸರಿತೂಗುವಷ್ಟು ಹುರುಳಿಕಾಯಿ ಹಾಕಿ, ಬಟ್ಟನ್ನು ಕಾಯಿಯ ತಟ್ಟೆಗೂ ಕಾಯಿಯನ್ನು ಬಟ್ಟಿನ ತಟ್ಟೆಗೂ ಬದಲಿಸಿ. ಆಗಲೂ ಸಮ ನಿಂತರೆ ತಕ್ಕಡಿ ಸಾಚಾ. ಒಂದು ಕಡೆ ವಾಲಿದರೆ ದಂಡದ ತೋಳುಗಳು ಸಮವಿಲ್ಲ.

ನಮ್ಮದು ಹೂವಿನ ಸೀಮೆ, ಸೇವಂತಿಗೆ ಕಟ್ಟಿ ತರುವ ಮಕ್ಕಳು ಹೇಗೂ ಇರುತ್ತಾರೆ. ಅಲ್ಲಿ ಒಳ್ಳೆಯ ಗಣಿತವಿದೆ. ಮೊಳ ಎಂದರೆ ಮೊಣಕೈಯಿಂದ ನಡುಬೆರಳ ತುದಿ. ದೊಡ್ಡವರದು ಸುಮಾರು 45 ಸೆಂ.ಮೀ. ಐದನೇ ತರಗತಿಯ ಹುಡುಗಿಯ ಕೈಯನ್ನು ಟೇಪಿನಲ್ಲಿ ಅಳೆದರೆ ಅದಕ್ಕಿಂತ ಒಂದು ಗೇಣಿನ ಅರ್ಧದಷ್ಟು ಕಡಿಮೆ ಬರುತ್ತದೆ. ಅವಳ ಮೊಳದಲ್ಲಿ ಕೊಳ್ಳಬೇಕೋ ಮಾರಬೇಕೋ ಎಂದು ಕೇಳಿ ನೋಡಿ, ತರಗತಿ ಎರಡು ಪಂಗಡವಾಗುತ್ತದೆ.

ಲಾಭದ ಲೆಕ್ಕದಲ್ಲಿ ಮಕ್ಕಳು ಒಂದೇ ಕಡೆ ಎಡವುತ್ತಾರೆ. ಕೆಜಿಗೆ 40ರಂತೆ 3 ಕೆಜಿ ಹುರುಳಿಕಾಯಿ ತಂದು, 52ರಂತೆ ಎರಡೂವರೆ ಕೆಜಿ ಮಾರಿ, ಅರ್ಧ ಕೆಜಿ ಉಳಿಸಿಕೊಂಡವನು ‘ಕೆಜಿಗೆ 12, ಎರಡೂವರೆಗೆ 30 ಲಾಭ’ ಎಂದು ಬರೆಯುತ್ತಾನೆ. ಬಂದದ್ದು 130, ಹಾಕಿದ್ದು 120. ಕೈಯಲ್ಲಿರುವುದು ಹತ್ತು ರೂಪಾಯಿ ಮತ್ತು ಬಾಡಿದ ಅರ್ಧ ಕೆಜಿ ಕಾಯಿ. ಆ ಬಾಡಿದ ಕಾಯಿಯನ್ನು ಮೇಜಿನ ಮೇಲೆ ಇಟ್ಟೇ ಲೆಕ್ಕ ಮಾಡಿಸಿ. ಸೊಪ್ಪಿನ ಕಟ್ಟು ಹನ್ನೊಂದರ ಬಿಸಿಲಿಗೆ ಸೋಲುತ್ತದೆ, ಒದ್ದೆ ಗೋಣಿಚೀಲ ಹೊದಿಸಿದರೆ ಮಧ್ಯಾಹ್ನದವರೆಗೆ ನಿಲ್ಲುತ್ತದೆ.

ರೇಷ್ಮೆ ಹುಳು ಸಾಕುವ ಮನೆಗೆ 60 ಮಕ್ಕಳನ್ನು ಕರೆದೊಯ್ಯಬಹುದೇ?
ಶಿಕ್ಷಕ, ಚಿಕ್ಕಬಳ್ಳಾಪುರ ತಾಲ್ಲೂಕು

ಒಟ್ಟಿಗೆ ಬೇಡ, ಹತ್ತತ್ತು ಜನ. ಹುಳುಮನೆಯಲ್ಲಿ ರೋಗ ಬರುವುದೇ ಹೊರಗಿನವರ ಕಾಲು, ಕೈಗಳಿಂದ. ಚಪ್ಪಲಿ ಹೊರಗೆ, ಬಾಗಿಲಲ್ಲಿ ಸುಣ್ಣ ಬ್ಲೀಚಿಂಗ್ ಪುಡಿಯ ಮೇಲೆ ಕಾಲಿಟ್ಟು, ಕೈ ತೊಳೆದು ಒಳಗೆ. ಆ ದಿನ ಸೆಂಟು, ಸೊಳ್ಳೆಯ ಕ್ರೀಮು ಯಾರೂ ಹಚ್ಚಿರಬಾರದು. ರೈತರನ್ನು ಮೊದಲೇ ಕೇಳಿ ದಿನ ಆರಿಸಿ. ಹುಳು ಜ್ವರಕ್ಕೆ ಕೂತ ದಿನ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ದಿನ ಹೋದರೆ ಅಲುಗಾಡದ ಹುಳು ನೋಡಿ ಮಕ್ಕಳಿಗೆ ಬೇಸರ, ರೈತನಿಗೆ ಆತಂಕ. ನಾಲ್ಕನೇ ಜ್ವರ ಎದ್ದ ಮೂರ್ನಾಲ್ಕು ದಿನಕ್ಕೆ ಹೋದರೆ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತದೆ, ಚಂದ್ರಂಕಿಯ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ) ಮೇಲೆ ಗೂಡು ಕಟ್ಟುವುದನ್ನು ನೋಡಲು ಇನ್ನೂ ನಾಲ್ಕೈದು ದಿನ ಬಿಟ್ಟು ಹೋಗಿ. ನೂಲು ತೆಗೆಯುವ ಕಡೆ ಕುದಿಯುವ ನೀರಿನ ತೊಟ್ಟಿಗಳಿಂದ ಒಂದು ಮಾರು ದೂರ. ಒಳ್ಳೆಯ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ರೇಷ್ಮೆ ತಳಿ) ಗೂಡೊಂದರ ಎಳೆ ಸಾವಿರ ಮೀಟರ್ ದಾಟುತ್ತದೆ, ಅಂದರೆ ನಿಮ್ಮ 200 ಮೀಟರ್ ಟ್ರ್ಯಾಕನ್ನು ಐದು ಸುತ್ತು.

ಪ್ರವಾಸಕ್ಕೆ ದುಡ್ಡು ಕಟ್ಟದವರ ಹೆಸರನ್ನು ಪ್ರಾರ್ಥನೆಯಲ್ಲಿ ಓದಿದರಂತೆ. ಮೊಮ್ಮಗಳು ಎರಡು ದಿನದಿಂದ ಸ್ಕೂಲಿಗೆ ಹೋಗಲ್ಲ ಅಂತಾಳೆ. ನಾವು ಕೂಲಿಯವರು.
ಅಜ್ಜಿ, ಗೌರಿಬಿದನೂರು

ಅಜ್ಜಿ, ಹಾಗೆ ಓದಿದ್ದು ತಪ್ಪು. ನೀವು ಮುಖ್ಯೋಪಾಧ್ಯಾಯರನ್ನು ಒಬ್ಬರೇ ಇದ್ದಾಗ ಕಂಡು, ಕಟ್ಟಲು ಆಗುವುದಿಲ್ಲ ಎಂದು ನೇರ ಹೇಳಿ. ಎಸ್‌ಡಿಎಂಸಿ ಅಧ್ಯಕ್ಷರಿಗೂ ಒಂದು ಮಾತು ಹಾಕಿ, ಊರಿನ ಹಳೆಯ ವಿದ್ಯಾರ್ಥಿಗಳಲ್ಲಿ ಇಂಥ ನಾಲ್ಕು ಮಕ್ಕಳ ಬಾಬ್ತು ಕೊಡುವವರು ಸಿಗುತ್ತಾರೆ. ಶಾಲೆಯವರಿಗೆ ನಮ್ಮ ಮಾತು: ದುಡ್ಡನ್ನು ಮುಚ್ಚಿದ ಲಕೋಟೆಯಲ್ಲಿ ತೆಗೆದುಕೊಳ್ಳಿ, ಯಾರ ಲಕೋಟೆಯಲ್ಲಿ ಎಷ್ಟಿತ್ತು ಎಂಬುದು ಒಬ್ಬರಿಗಷ್ಟೇ ಗೊತ್ತಿರಲಿ. ಬಸ್ಸಿನ ಬಾಡಿಗೆಯೇ ಭಾರವಾದರೆ ದೂರದ ಊರು ಬಿಡಿ. ಗೌರಿಬಿದನೂರಿನ ಮಕ್ಕಳಿಗೆ ವಿದುರಾಶ್ವತ್ಥ ಪಕ್ಕದಲ್ಲೇ ಇದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿದ ಜಾಗ, ಸ್ಮಾರಕವಿದೆ, ಸಾಲುಸಾಲು ನಾಗರಕಲ್ಲುಗಳಿವೆ. ಬುತ್ತಿ ಕಟ್ಟಿಕೊಂಡು ಹೋಗಿ ಮಧ್ಯಾಹ್ನದ ಮೇಲೆ ವಾಪಸ್ಸಾಗಬಹುದು.

ಸಂಜೆಯ ಕಾರ್ಯಕ್ರಮ ರಾತ್ರಿ ಹನ್ನೊಂದಾದರೂ ಮುಗಿಯುವುದಿಲ್ಲ. ಏನು ಮಾಡುವುದು?
ಎಸ್‌ಡಿಎಂಸಿ ಸದಸ್ಯ, ಬಾಗೇಪಲ್ಲಿ ತಾಲ್ಲೂಕು

ಹಾರ, ಶಾಲು ಕಡಿಮೆ ಮಾಡಿ. 14 ನೃತ್ಯಗಳು, ತಲಾ ಐದು ನಿಮಿಷ, ನಡುವೆ ಮೂರು ನಿಮಿಷವೆಂದರೆ 109 ನಿಮಿಷ. ಉಳಿದದ್ದೆಲ್ಲ ಸನ್ಮಾನದ್ದು. ಆರಕ್ಕೆ ಶುರುವಾಗಲಿ, ಅತಿಥಿ ಬಂದಿರಲಿ ಬಿಡಲಿ. ಒಂದನೇ ತರಗತಿಯವರದು ಮೊದಲು, ಎಂಟರ ಮೇಲೆ ಅವರು ವೇಷದಲ್ಲೇ ಮಲಗಿಬಿಡುತ್ತಾರೆ. ಹಾಡುಗಳನ್ನೆಲ್ಲ ಒಂದೇ ಪೆನ್‌ಡ್ರೈವಿಗೆ ಕಾರ್ಯಕ್ರಮದ ಕ್ರಮದಲ್ಲೇ ನಂಬರ್ ಹಾಕಿ ತುಂಬಿ, ಇನ್ನೊಂದು ಪ್ರತಿ ಬೇರೆಯವರ ಜೇಬಿನಲ್ಲಿರಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ಕಾನೂನಿದೆ. ಮೈಕಿನವರಿಗೆ ಒಂಬತ್ತೂವರೆ ಎಂದೇ ಹೇಳಿಡಿ.